ತೊಟ್ಟಿಲ ಕೂಸು ಮಾತನಾಡಿದ ಕಥೆ

ಪ್ರಶ್ನೆ: ನನ್ನ ತವರು ಬೆಟಗೇರಿ. ಮದುವೆಯಾಗಿ ಮುಂಬೈಗೆ ಬಂದು ನಾಲ್ಕು ವರ್ಷವಾಯಿತು. ಹತ್ತು ತಿಂಗಳಿಂದ ಕುರ್ಲಾದ ಒಂದು ಪಾಳಣಾಘರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ನಾನು ಕ್ರೈಸ್ತಳು. ಜೊತೆಗಿರುವ ಮೂವರೂ ಮುಸ್ಲಿಂ ಹೆಂಗಸರು, ನನ್ನನ್ನು ಮನೆಯವಳಂತೆ ನೋಡುತ್ತಾರೆ. ಮಕ್ಕಳು ಮಲಗಿದ ಮೇಲೆ ನಾವು ನಾಲ್ವರೂ ಕುಳಿತು ಮಾತನಾಡುತ್ತೇವೆ. ಅವರ ನಮಾಜು, ರೋಜಾಗಳ ವಿಷಯ ತಿಳಿದುಕೊಳ್ಳಬೇಕೆಂದು ನನಗೆ ಬಹಳ ಆಸೆ. ಆದರೆ ಕಳೆದ ವಾರ ಅವರಲ್ಲೊಬ್ಬರು, ‘ಯೇಸುವನ್ನು ನಾವೂ ಮಾನ್ಯ ಮಾಡುತ್ತೇವೆ, ನಮಗೆ ಅವರು ಈಸಾ ನಬಿ. ಆದರೆ ಅವರು ಶಿಲುಬೆಯ ಮೇಲೆ ಸಾಯಲಿಲ್ಲ’ ಎಂದರು. ನನಗೆ ದುಃಖ ಒತ್ತರಿಸಿ ಬಂತು, ಏನೂ ಹೇಳಲಾಗಲಿಲ್ಲ. ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರಿಗೆ ಹೇಳಿಕೊಂಡೆ. ‘ಅಂಥ ಮಾತಿಗೆ ಕಿವಿ ಕೊಡಬೇಡ, ಕೆಲಸ ಮುಗಿಸಿ ಮನೆಗೆ ಬಾ’ ಎಂದರು. ತಿಳಿದುಕೊಳ್ಳುವುದು ತಪ್ಪೇ? ರಂಜಾನಿನಲ್ಲಿ ಅವರೆದುರು ಊಟ ಮಾಡಬಹುದೇ? ಇಫ್ತಾರಿಗೆ ಕರೆದರೆ ಹೋಗಬಹುದೇ?
— ಹೆಸರು ಬೇಡ, ಕುರ್ಲಾ

ಉತ್ತರ: ಮಗಳೇ, ನಿನ್ನ ವಯಸ್ಸಿನ ಹುಡುಗಿ ನನ್ನ ಮನೆಯಲ್ಲೂ ಇದ್ದಾಳೆ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅತ್ತೆ ಸೊಸೆಯ ವಿಷಯ, ಬಾಡಿಗೆ ಮನೆಯ ವಿಷಯ, ಮಕ್ಕಳ ಓದಿನ ವಿಷಯ. ನಿನ್ನ ಪತ್ರ ಓದಿದಾಗ ನನ್ನದೇ ಹಳೆಯ ದಿನಗಳು ಎದುರಿಗೆ ಬಂದು ಕುಳಿತಂತಾಯಿತು.

ನಾನು ಉಡುಪಿ ಕಡೆಯವಳು. ಅಜ್ಜ ಮಲ್ಪೆಯ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ನಮ್ಮದು ನಿನ್ನ ಬೆಟಗೇರಿಯವರಂತೆಯೇ ಬಾಸೆಲ್ ಮಿಶನ್ ಸಭೆಯ ಮನೆತನ. 1984ರ ಜೂನ್ ತಿಂಗಳಲ್ಲಿ ಮುಂಬೈಯ ಜೋಗೇಶ್ವರಿಯ ಒಂದು ಬಾಲವಾಡಿಗೆ ಕೆಲಸಕ್ಕೆ ಸೇರಿದೆ. ಆಗ ರಂಜಾನ್ ನಡೆಯುತ್ತಿತ್ತು. ಚಂದ್ರನ ವರ್ಷ ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹಾಗಾಗಿ ರಂಜಾನ್ ವರ್ಷ ವರ್ಷವೂ ಅಷ್ಟಷ್ಟೇ ಹಿಂದೆ ಸರಿದು, ಬೇಸಿಗೆ, ಚಳಿ, ಮಳೆ ಎಲ್ಲವನ್ನೂ ದಾಟಿ, ನಾನು ಕೆಲಸ ಬಿಟ್ಟ 2017ರಲ್ಲಿ ಮತ್ತೆ ಜೂನಿಗೆ ಬಂದು ನಿಂತಿತು. ಆ ಒಂದು ಇಡೀ ಸುತ್ತು, 33 ವರ್ಷ, ನಾನು ಮುಸ್ಲಿಂ ಹೆಂಗಸರ ಜೊತೆ ಮಕ್ಕಳ ಮೂಗು ಒರೆಸುತ್ತ, ಹಾಸಿಗೆ ಹಾಸುತ್ತ ಕಳೆದೆ. ಅವರಲ್ಲಿ ಹಿರಿಯರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಇಸ್ಲಾಮಿನ ವಿಷಯ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆಪಾ ಅವರಿಂದ ಬಂದದ್ದು.

ತಿಳಿದುಕೊಳ್ಳುವುದು ತಪ್ಪಲ್ಲ. ಆದರೆ ಯಾರನ್ನು, ಯಾವಾಗ, ಏನು ಕೇಳುತ್ತೀ ಎನ್ನುವುದು ಮುಖ್ಯ. ‘ನಿಮ್ಮ ಧರ್ಮದಲ್ಲಿ ಹೀಗೇಕೆ’ ಎಂದು ಎದುರು ಕುಳಿತು ಕೇಳಿದರೆ ಎಂಥ ಸ್ನೇಹಿತೆಯೂ ಒಂದು ಕ್ಷಣ ಗಟ್ಟಿಯಾಗುತ್ತಾಳೆ. ಇಡೀ ಸಮುದಾಯದ ಪರವಾಗಿ ಉತ್ತರ ಹೇಳುವ ಹೊರೆ ಅವಳ ತಲೆಯ ಮೇಲೆ ಬೀಳುತ್ತದೆ. ಅದೇ ಇಬ್ಬರೂ ಒಗೆದ ಲಂಗೋಟಿಗಳನ್ನು ಮಡಿಸುತ್ತ ಕುಳಿತಾಗ, ‘ಆಪಾ, ಬೆಳಿಗ್ಗೆ ನೀವು ಏನೋ ಹೇಳಿಕೊಂಡಿರಲ್ಲ, ಏನದು?’ ಎಂದು ಕೇಳಿ ನೋಡು. ಅವರು ತಮ್ಮದೇ ಕಥೆ ಹೇಳುತ್ತಾರೆ. ತಾಯಿ ಕಲಿಸಿದ್ದು, ತಾವು ಮರೆತದ್ದು, ಮತ್ತೆ ಕಲಿತದ್ದು ಎಲ್ಲ ಹೊರಗೆ ಬರುತ್ತದೆ. ಪುಸ್ತಕವನ್ನು ಆಮೇಲೆ ಓದಬಹುದು.

ನಾನು ಮೊದಲು ನೋಡಿ ಕಲಿತದ್ದು ವುಜೂ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದುಕೊಳ್ಳುವ ಕ್ರಮ. ನಮ್ಮ ಬಾಲವಾಡಿಯಲ್ಲಿ ಮಕ್ಕಳ ಎತ್ತರಕ್ಕೆ ಕಟ್ಟಿಸಿದ ಒಂದು ತೊಟ್ಟಿ ಇತ್ತು, ನಲ್ಲಿ ನನ್ನ ಮೊಣಕಾಲಿನಷ್ಟು ಎತ್ತರದಲ್ಲಿ. ಮಧ್ಯಾಹ್ನ ಒಂದೂವರೆಗೆ ಮಕ್ಕಳು ಮಲಗಿದ ಕೂಡಲೇ ಆಪಾ ಅಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಮೊದಲು ಎರಡೂ ಕೈ, ಬಾಯಿ ಮುಕ್ಕಳಿಸಿ ಮೂಗು, ಆಮೇಲೆ ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆಯ ಮೇಲೆ ಒಮ್ಮೆ ಸವರಿ ಕೊನೆಗೆ ಪಾದ. ನೀರು ಬಹಳ ಸಣ್ಣಗೆ ಬಿಡುತ್ತಿದ್ದರು, ದಾರದಷ್ಟು. ಜೋಗೇಶ್ವರಿಯಲ್ಲಿ ಆಗ ನೀರು ಬರುತ್ತಿದ್ದುದು ಬೆಳಿಗ್ಗೆ ಎರಡು ಗಂಟೆ ಮಾತ್ರ. ಕಾಲ್ಬೆರಳುಗಳ ಸಂದಿಯಲ್ಲಿ ಕಿರುಬೆರಳು ಆಡಿಸಿ ತೊಳೆಯುವುದನ್ನು ನಾನು ಬಾಗಿಲ ಹಿಂದಿನಿಂದ ನೋಡಿದ್ದೇನೆ. ಮಲಗಿರುವ ಕೂಸಿನ ಕಾಲನ್ನು ನಾವು ಎಷ್ಟು ಹುಷಾರಾಗಿ ತೊಳೆಯುತ್ತೇವೋ ಅಷ್ಟು ಹುಷಾರಾಗಿ ಅವರು ತಮ್ಮ ಕಾಲು ತೊಳೆದುಕೊಳ್ಳುತ್ತಿದ್ದರು.

ಒಂದು ದಿನ ಅವರು ನಮಾಜಿಗೆ ನಿಂತಿದ್ದಾಗ ಎರಡು ವರ್ಷದ ಒಂದು ಹುಡುಗ ಎದ್ದುಬಿಟ್ಟ. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಆಪಾ ಹಣೆಯನ್ನು ನೆಲಕ್ಕೂರಿ ಸಜ್ದಾದಲ್ಲಿದ್ದಾರೆ, ಆ ಹುಡುಗ ಅವರ ಬೆನ್ನೇರಿ ಕುದುರೆ ಆಡುತ್ತಿದ್ದಾನೆ. ಓಡಿ ಹೋಗಿ ಎತ್ತಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಆಪಾ ಅಲುಗಾಡಲಿಲ್ಲ. ಅವನಿಗೆ ಸಾಕಾಗಿ ತಾನೇ ಇಳಿದ ಮೇಲೆ ನಿಧಾನವಾಗಿ ಎದ್ದು ಕುಳಿತರು. ನಮಾಜು ಮುಗಿದ ಮೇಲೆ ನಾನು ತಪ್ಪಾಯಿತು ಎನ್ನಲು ಹೋದೆ. ಅವರು ನಕ್ಕು ಹೇಳಿದರು: ಪ್ರವಾದಿ ಮಹಮ್ಮದರು ಸಜ್ದಾದಲ್ಲಿದ್ದಾಗ ಅವರ ಮೊಮ್ಮಗ ಹೀಗೆಯೇ ಬೆನ್ನೇರಿದನಂತೆ. ಸಜ್ದಾ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಹಿಂದೆ ನಿಂತವರು ಏನಾಯಿತೋ ಎಂದು ಗಾಬರಿಯಾದರು. ಮಗು ಸವಾರಿ ಮಾಡುತ್ತಿತ್ತು, ಅದರ ಆಟ ಮುಗಿಯುವ ಮೊದಲು ಏಳಲು ಮನಸ್ಸಾಗಲಿಲ್ಲ ಎಂದು ಪ್ರವಾದಿಯವರು ಆಮೇಲೆ ಹೇಳಿದರಂತೆ. ಪ್ರವಾದಿಯವರ ನಡೆನುಡಿಯನ್ನು ತಿಳಿಸುವ ಇಂಥ ಇನ್ನೊಂದು ಹದೀಸನ್ನೂ ಆಪಾ ಅವತ್ತೇ ಹೇಳಿದರು. ನಮಾಜನ್ನು ದೀರ್ಘವಾಗಿ ಮಾಡಬೇಕೆಂದು ನಿಂತಿರುವಾಗ ಎಲ್ಲಿಯಾದರೂ ಮಗುವಿನ ಅಳು ಕೇಳಿದರೆ, ಅದರ ತಾಯಿಗೆ ಆಗುವ ಸಂಕಟವನ್ನು ನೆನೆದು ಪ್ರವಾದಿಯವರು ನಮಾಜನ್ನು ಚಿಕ್ಕದು ಮಾಡುತ್ತಿದ್ದರಂತೆ. ಮಕ್ಕಳನ್ನು ತನ್ನ ಹತ್ತಿರ ಬಿಡಿರೆಂದು ಶಿಷ್ಯರನ್ನು ಗದರಿಸಿದ ಯೇಸು ಸ್ವಾಮಿಯ ಮಾತು, ಮಾರ್ಕನ ಸುವಾರ್ತೆಯದ್ದು, ನಾನು ಅವರಿಗೆ ಹೇಳಿದೆ. ನಾವಿಬ್ಬರೂ ನಮ್ಮ ನಮ್ಮ ಧರ್ಮದ ವಿಷಯ ಮಾತನಾಡಿದ್ದು ಅದೇ ಮೊದಲು.

ಈಗ ನಿನಗೆ ಅಳು ಬರಿಸಿದ ಮಾತಿಗೆ ಬರುತ್ತೇನೆ. ನಿನ್ನ ಜೊತೆಯವಳು ನಿನ್ನನ್ನು ನೋಯಿಸಲು ಅದನ್ನು ಹೇಳಿಲ್ಲ. ಅವಳ ಗ್ರಂಥದಲ್ಲಿ ಹಾಗೆಯೇ ಇದೆ. ಕುರಾನಿನ 4ನೆಯ ಸೂರಾದಲ್ಲಿ, ಅಂದರೆ ಅಧ್ಯಾಯದಲ್ಲಿ, ಅವರು ಈಸಾರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ, ಅವರಿಗೆ ಹಾಗೆ ತೋರುವಂತೆ ಆಯಿತು ಎಂಬ ವಚನವಿದೆ. ದೇವರಿಗೆ ಮಗನಿದ್ದಾನೆ ಎನ್ನುವುದನ್ನೂ ಇಸ್ಲಾಂ ಒಪ್ಪುವುದಿಲ್ಲ. ನಮಗಾದರೋ ಶಿಲುಬೆಯೂ ಪುನರುತ್ಥಾನವೂ ಇಲ್ಲದಿದ್ದರೆ ನಂಬಿಕೆಯೇ ಇಲ್ಲ. ಇದು ಚಿಕ್ಕ ವ್ಯತ್ಯಾಸವಲ್ಲ, ಎಲ್ಲ ಒಂದೇ ಎಂದು ಹೇಳಿ ಅದನ್ನು ಮುಚ್ಚಲು ಹೋಗಬೇಡ. ಹಾಗೆ ಮುಚ್ಚಿದರೆ ನಿನಗೂ ಮೋಸ, ಅವಳಿಗೂ ಮೋಸ.

ಆದರೆ ಅದೇ ಕುರಾನಿನಲ್ಲಿ 19ನೆಯ ಸೂರಾದ ಹೆಸರು ಮರ್ಯಮ್ ಎನ್ನುವುದು ನಿನಗೆ ಗೊತ್ತೇ? ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಒಬ್ಬಳೇ ಹೆಂಗಸು ನಮ್ಮ ಯೇಸುವಿನ ತಾಯಿ. ಆಪಾ ಆ ಕಥೆಯನ್ನು ನನಗೆ ಹೇಳಿದ್ದು ಮಳೆ ಹಿಡಿದ ಒಂದು ಸಂಜೆ, ಲೋಕಲ್ ರೈಲು ನಿಂತು ಅರ್ಧ ಮಕ್ಕಳ ತಾಯಂದಿರು ಬಾರದೆ ಇದ್ದಾಗ. ಮರ್ಯಮ್ ಒಬ್ಬಳೇ ದೂರ ಹೋಗುತ್ತಾಳೆ. ಹೆರಿಗೆ ನೋವು ಅವಳನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದು ಹಾಕುತ್ತದೆ. ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವಳು ಗೋಳಾಡುತ್ತಾಳೆ. ಆಗ ಕೆಳಗಿನಿಂದ ಒಂದು ದನಿ: ದುಃಖಿಸಬೇಡ, ನಿನ್ನ ಅಡಿಯಲ್ಲೇ ನೀರು ಹರಿಯುತ್ತಿದೆ, ಮರವನ್ನು ಅಲುಗಾಡಿಸು, ಹಣ್ಣು ಬೀಳುತ್ತದೆ, ತಿನ್ನು, ಕುಡಿ, ಕಣ್ಣು ತಣಿಸಿಕೋ. ಕೂಸನ್ನು ಎತ್ತಿಕೊಂಡು ಊರಿಗೆ ಬಂದರೆ ಜನ ಸುಮ್ಮನಿರುತ್ತಾರೆಯೇ? ಬಾಯಿಗೆ ಬಂದದ್ದು ಆಡುತ್ತಾರೆ. ಅವಳು ಮಾತಿಲ್ಲದೆ ಮಗುವಿನ ಕಡೆ ಕೈ ತೋರಿಸುತ್ತಾಳೆ. ತೊಟ್ಟಿಲಲ್ಲಿರುವ ಕೂಸಿನೊಡನೆ ಏನು ಮಾತನಾಡುವುದು ಎಂದು ಅವರು ಕೇಳುತ್ತಾರೆ. ಆಗ ಕೂಸೇ ಬಾಯಿ ತೆರೆದು, ನಾನು ದೇವರ ದಾಸ, ಅವನು ನನ್ನನ್ನು ಪ್ರವಾದಿಯನ್ನಾಗಿ ಮಾಡಿದ್ದಾನೆ, ನನ್ನ ತಾಯಿಗೆ ಒಳ್ಳೆಯ ಮಗನಾಗಿರಲು ಹೇಳಿದ್ದಾನೆ ಎನ್ನುತ್ತದೆ.

ನಮ್ಮ ಸುವಾರ್ತೆಗಳಲ್ಲಿ ಈ ಕಥೆ ಇಲ್ಲ. ಗೋದಲಿ ಇದೆ, ಕುರುಬರಿದ್ದಾರೆ, ಖರ್ಜೂರದ ಮರ ಇಲ್ಲ. ಆದರೆ ಆ ಸಂಜೆ, ಮಡಿಲಲ್ಲಿ ಪರರ ಮಗುವನ್ನು ತಟ್ಟುತ್ತ ಕೇಳಿದಾಗ, ಒಂಟಿ ಬಾಣಂತಿಯ ಮಾನವನ್ನು ತೊಟ್ಟಿಲ ಕೂಸು ಕಾಯಿತಲ್ಲ ಎಂದು ನನ್ನ ಎದೆ ತುಂಬಿ ಬಂತು. ಅದನ್ನು ಕೇಳಿದ್ದರಿಂದ ನನ್ನ ವಿಶ್ವಾಸ ಒಂದು ಎಳೆಯಷ್ಟೂ ಸಡಿಲವಾಗಲಿಲ್ಲ. ಮರಿಯಳನ್ನು ಆಪಾ ಎಷ್ಟು ಪ್ರೀತಿಸುತ್ತಾರೆ ಎಂದು ತಿಳಿಯಿತು, ಅಷ್ಟೇ.

ಮುಂದಿನ ಸಲ ಆ ಮಾತು ಬಂದರೆ ಬಾಯಿ ಕಟ್ಟಿಕೊಂಡು ಕೂರಬೇಡ. ‘ಆಪಾ, ನಿಮ್ಮ ಗ್ರಂಥದಲ್ಲಿ ಹಾಗಿದೆ ಎಂದು ಗೊತ್ತಾಯಿತು. ನಾವು ಅವರು ಸತ್ತು ಎದ್ದರೆಂದು ನಂಬುತ್ತೇವೆ. ನನಗೆ ಅದು ಪ್ರಾಣಕ್ಕೆ ಸಮ’ ಎಂದು ಹೇಳು. ವಾದವೂ ಬೇಡ, ಅಳುವೂ ಬೇಡ. ನಿನ್ನ ಹಿರಿಯರಿಗೆ ಪೇತ್ರನ ಮೊದಲ ಪತ್ರಿಕೆಯ 3ನೆಯ ಅಧ್ಯಾಯವನ್ನು ನಮ್ರತೆಯಿಂದ ನೆನಪಿಸು. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಅದನ್ನು ಸಾತ್ವಿಕತೆಯಿಂದ ಹೇಳಿರಿ ಎಂದಿದೆ ಅಲ್ಲಿ. ಯಾರ ಜೊತೆಗೂ ಮಾತನಾಡದೆ ಮನೆಗೆ ಓಡಿ ಬಂದರೆ ಯಾರು ಕೇಳಬೇಕು, ಯಾರಿಗೆ ಹೇಳಬೇಕು? ಆ ಹಿರಿಯರ ಭಯ ನಿನ್ನ ಮೇಲಿನ ಪ್ರೀತಿಯಿಂದ ಬಂದದ್ದು ಎಂದು ಬಲ್ಲೆ, ಆದರೂ ಅವರ ಸಲಹೆ ನನಗೆ ಸರಿ ಕಾಣುವುದಿಲ್ಲ. ಅಲ್ಲಾಹ್ ಎನ್ನುವ ಹೆಸರು ಕೇಳಿ ಅವರಿಗೆ ಅಳುಕಿದ್ದರೆ, ಅರಬ್ಬೀ ಮಾತನಾಡುವ ಕ್ರೈಸ್ತರ ಬೈಬಲಿನಲ್ಲಿಯೂ ದೇವರಿಗೆ ಇರುವ ಪದ ಅದೇ ಎಂದು ತಿಳಿಸು.

ರಂಜಾನಿನ ವಿಷಯ. ಅವರೆದುರು ಊಟ ಮಾಡಬಹುದು, ನೀನು ಉಪವಾಸ ಇರಬೇಕೆಂದು ಯಾರೂ ಬಯಸುವುದಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು ಉಂಡರೆ ಚೆನ್ನ, ಕದ್ದು ತಿನ್ನುವಂತೆ ಮೂಲೆ ಹುಡುಕುವುದು ಬೇಡ. ಮಕ್ಕಳಿಗಂತೂ ಅವರೇ ಕೈಯಾರೆ ಉಣ್ಣಿಸುತ್ತಾರೆ. ಒಣಗಿದ ಬಾಯಿಯಲ್ಲಿ ಇಪ್ಪತ್ತು ಮಕ್ಕಳಿಗೆ ಖಿಚಡಿ ತಿನ್ನಿಸುವುದನ್ನು ನಾನು ನೋಡಿದ್ದೇನೆ. ಮಾರ್ಚ್ ತಿಂಗಳಿನಲ್ಲಿ ರೋಜಾ ಬಂದರೆ ಮುಂಬೈಯಲ್ಲಿ ಬೆಳಗಿನ ಜಾವ ಐದೂವರೆಯಿಂದ ಸಂಜೆ ಆರೂಮುಕ್ಕಾಲಿನವರೆಗೆ ಒಂದು ಗುಟುಕು ನೀರೂ ಇಲ್ಲ. ಮಧ್ಯಾಹ್ನ ಮೂರರ ನಂತರ ದೊಡ್ಡ ಮಕ್ಕಳನ್ನು ಎತ್ತುವುದು, ನೀರಿನ ಬಕೆಟ್ ಹೊರುವುದು ನೀನು ವಹಿಸಿಕೋ. ಸಂಜೆಯ ಪಾಳಿ ನೀನು ಮಾಡಿದರೆ ಅವರು ಕುರ್ಲಾ ನಿಲ್ದಾಣದ ನೂಕುನುಗ್ಗಲಿಗೆ ಮುನ್ನ ಮನೆ ಸೇರಬಹುದು.

ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ. ಯಾರಾದರೂ ಒಬ್ಬಳು ಒಂದು ದಿನ ನೀರು ಕುಡಿಯುವುದು ಕಂಡರೆ, ‘ಇವತ್ತು ರೋಜಾ ಇಲ್ಲವೇ’ ಎಂದು ಕೇಳಬೇಡ. ಮುಟ್ಟಿನ ದಿನಗಳಲ್ಲಿ ಹೆಂಗಸರು ರೋಜಾ ಇಡುವಂತಿಲ್ಲ, ಆ ದಿನಗಳನ್ನು ಆಮೇಲೆ ತೀರಿಸುತ್ತಾರೆ. ಬಸುರಿಯರಿಗೆ, ಹಾಲೂಡಿಸುವವರಿಗೆ, ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೂ ವಿನಾಯಿತಿ ಇದೆ. ಕಾರಣ ಕೇಳುವುದು ಹೆಂಗಸರ ಗುಟ್ಟಿಗೆ ಕೈ ಹಾಕಿದಂತೆ. ನಾನು ಮೊದಲ ವರ್ಷ ಗಂಡಸರೆದುರಿಗೇ ಕೇಳಿಬಿಟ್ಟೆ. ಆ ಹುಡುಗಿಯ ಮುಖ ಕೆಂಪಾದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಫ್ತಾರಿಗೆ ಕರೆದರೆ ಸಂತೋಷದಿಂದ ಹೋಗು. ಬರಿಗೈಯಲ್ಲಿ ಹೋಗಬೇಡ, ಕಲ್ಲಂಗಡಿಯೋ ಬಾಳೆಹಣ್ಣೋ ಒಯ್ಯಿ. ಅಜಾನ್ ಕೇಳುವವರೆಗೆ ತಟ್ಟೆಗೆ ಕೈ ಹಾಕಬೇಡ. ಮೊದಲು ಖರ್ಜೂರ, ನೀರು, ಆಮೇಲೆ ಉಳಿದದ್ದು. 2025ರಲ್ಲಿ ರೋಜಾವೂ ನಮ್ಮ ಬೂದಿ ಬುಧವಾರವೂ ಮಾರ್ಚ್ ತಿಂಗಳ ಮೊದಲ ವಾರದಲ್ಲೇ ಬಂದವು. ಬೂದಿ ಬುಧವಾರದಿಂದ ಈಸ್ಟರಿನವರೆಗೆ ನಮಗೆ ವ್ರತದ ಲೆಂಟ್ ಕಾಲ, ಹಾಗಾಗಿ ನಾನು ಮಾಂಸ ಬಿಟ್ಟಿದ್ದೆ. ಆಪಾ ತಮ್ಮ ಮನೆಯ ಇಫ್ತಾರಿನಲ್ಲಿ ನನಗೆಂದೇ ಕಡಲೆ ಉಸಲಿ ಬೇರೆ ಮಾಡಿಸಿದ್ದರು. ಹಬ್ಬದ ನಮಾಜಿಗೆ ಮುನ್ನ ಫಿತ್ರಾ ಎಂದು ಬಡವರಿಗೆ ಕೊಡುವುದಿದೆಯಲ್ಲ, ಅದನ್ನು ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲಿ, ಹಾಲು ಕುಡಿಯುವ ಕೂಸಿನ ಹೆಸರಿನಲ್ಲೂ ಕೊಡಬೇಕು ಎಂದು ಅವತ್ತು ಅವರ ಸೊಸೆಯಿಂದ ತಿಳಿಯಿತು.

ಮೂವರೂ ಒಂದೇ ರೀತಿ ಇರುತ್ತಾರೆ ಎಂದುಕೊಳ್ಳಬೇಡ. ನಮ್ಮಲ್ಲಿ ಒಬ್ಬರು ರತ್ನಾಗಿರಿಯ ಕೊಂಕಣಿ ಮುಸ್ಲಿಂ, ಮನೆಯಲ್ಲಿ ಏಡಿ ಸಾರು ಮಾಡಿ ತರುತ್ತಿದ್ದರು. ಉತ್ತರ ಪ್ರದೇಶದ ಆಪಾ ಅದನ್ನು ಮುಟ್ಟುತ್ತಿರಲಿಲ್ಲ. ಕೊಂಕಣದವರು ಶಾಫಿ ಪಂಥ, ಕಡಲಿನದ್ದೆಲ್ಲ ತಿನ್ನಬಹುದು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅದೇ ಪಂಥ. ಆಪಾ ಹನಫಿ, ಅವರಿಗೆ ಮೀನು ಮಾತ್ರ. ಆ ಏಡಿಯ ಡಬ್ಬಿ ಕಡೆಗೆ ನನ್ನ ಪಾಲಿಗೇ ಬರುತ್ತಿತ್ತು. ಮೊಹರಂ ಬಂದಾಗ ಇನ್ನೂ ಎಚ್ಚರ. ನಿನ್ನ ಕಡೆ ಅಲಾಯಿ ಹಬ್ಬವೆಂದರೆ ಹುಲಿವೇಷ, ಕುಣಿತ, ಎಲ್ಲ ಜಾತಿಯವರೂ ಸೇರುವ ಜಾತ್ರೆ. ಅದನ್ನೇ ನೆನೆದು ‘ಮೊಹರಂ ಹಬ್ಬದ ಶುಭಾಶಯ’ ಎನ್ನಬೇಡ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ದುಃಖದ ದಿನಗಳು ಅವು, ಶಿಯಾ ಮನೆಗಳಲ್ಲಿ ಕಪ್ಪು ಬಟ್ಟೆ ಉಟ್ಟು ಅಳುತ್ತಾರೆ. ನಿನ್ನೂರಿನ ರಿವಾಯತ್ ಪದಗಳೂ ಆ ದುಃಖವನ್ನೇ ಕನ್ನಡದಲ್ಲಿ ಹಾಡುತ್ತವೆ. ಒಂದೆರಡು ಸಾಲು ನೆನಪಿದ್ದರೆ ಅವರಿಗೆ ಹೇಳಿ ತೋರಿಸು.

ಕ್ರಿಸ್ಮಸ್ಸಿಗೆ ಏನಾದರೂ ಒಯ್ಯುವಾಗ ಡಬ್ಬದ ಮೇಲಿರುವುದನ್ನು ಓದು. ನಾನು ಒಮ್ಮೆ ಬೇಕರಿಯ ಕೇಕ್ ತಂದೆ, ರಮ್ ಸೇರಿಸಿದ್ದು ಗಮನಿಸಿರಲಿಲ್ಲ. ಆಪಾ ಎಲ್ಲರೆದುರು ಏನೂ ಹೇಳದೆ ತಮ್ಮ ಚೂರನ್ನು ಕಾಗದದಲ್ಲಿ ಸುತ್ತಿಟ್ಟರು, ನಾನೊಬ್ಬಳೇ ಇದ್ದಾಗ ತಿಳಿಸಿದರು. ಮರುವರ್ಷದಿಂದ ಮನೆಯಲ್ಲೇ ರವೆ ಉಂಡೆ ಕಟ್ಟಿ ಒಯ್ದೆ. ಮಕ್ಕಳಿಗೆ ಹಂಚುವ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ ಇರಬಹುದು. ಹಸಿರು ಚುಕ್ಕೆ ಇದ್ದದ್ದನ್ನೇ ತೆಗೆದುಕೋ. ಪರರ ಮಗುವಿನ ಬಾಯಿಗೆ ಏನು ಹೋಗಬೇಕೆಂದು ಹೇಳುವ ಹಕ್ಕು ಅದರ ತಾಯಿ ತಂದೆಯದು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. 1993ರ ಜನವರಿಯಲ್ಲಿ ಮುಂಬೈಯಲ್ಲಿ ನಡೆದ ಹಿಂದೂ ಮುಸ್ಲಿಂ ಗಲಭೆಯಲ್ಲಿ ನಮ್ಮ ಬಾಲವಾಡಿ ಮೂರು ವಾರ ಮುಚ್ಚಿತ್ತು. ಬಾಗಿಲು ತೆರೆದ ದಿನ ಆಪಾ ಬುರ್ಖಾ ಇಲ್ಲದೆ, ಹಣೆಗೆ ಒಂದು ಬಿಂದಿ ಇಟ್ಟು ಬಂದರು. ನನಗೆ ನೂರು ಪ್ರಶ್ನೆ. ಒಂದನ್ನೂ ಕೇಳಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಅವರು ಬಿಂದಿ ತೆಗೆದು ಗೋಡೆಗೆ ಅಂಟಿಸಿದರು, ವುಜೂ ಮಾಡಿದರು, ನಮಾಜು ಮಾಡಿದರು. ಸಂಜೆ ಮನೆಗೆ ಹೋಗುವಾಗ ಅದೇ ಬಿಂದಿಯನ್ನು ಗೋಡೆಯಿಂದ ತೆಗೆದು ಮತ್ತೆ ಹಣೆಗೆ ಇಟ್ಟುಕೊಂಡರು. ನಾನು ಅವರ ಜೊತೆ ನಿಲ್ದಾಣದವರೆಗೆ ನಡೆದೆ. ಆ ದಿನಗಳಲ್ಲಿ ಅವರ ಮನೆಯಲ್ಲಿ ಏನು ನಡೆಯಿತೆಂದು ಅವರಾಗಿಯೇ ಬಾಯಿ ಬಿಟ್ಟದ್ದು ಆರು ವರ್ಷದ ಮೇಲೆ. ಕುರ್ಲಾದಲ್ಲಿ ನಿನ್ನ ಜೊತೆ ಕೂರುವ ಹೆಂಗಸರಲ್ಲೂ ಯಾರ ಎದೆಯಲ್ಲಿ ಏನಿದೆಯೋ. ಕೇಳಲು ಅವಸರ ಮಾಡಬೇಡ, ಜೊತೆಯಲ್ಲಿ ನಡೆ.

ಪ್ರಶ್ನೆ: ನಮ್ಮ ಮೂರು ವರ್ಷದ ಮಗ ಪಾಳಣಾಘರಕ್ಕೆ ಹೋಗುತ್ತಾನೆ. ಅಲ್ಲಿ ನೋಡಿಕೊಳ್ಳುವ ಮಾವಶಿ ಮುಸ್ಲಿಂ. ಈಚೆಗೆ ಅವನು ಊಟಕ್ಕೆ ಕುಳಿತಾಗ ‘ಬಿಸ್ಮಿಲ್ಲಾ’ ಎನ್ನುತ್ತಾನೆ. ನಾವು ಲಿಂಗಾಯತರು, ಮಾವನವರಿಗೆ ಬಹಳ ಬೇಸರವಾಗಿದೆ. ಬೇರೆ ಕಡೆ ಸೇರಿಸಬೇಕೇ?
— ಓದುಗರು, ಪುಣೆ

ಉತ್ತರ: ಬೇಡ. ಆ ಮಾವಶಿ ಹೇಳಿಕೊಟ್ಟಿರಲಾರಳು. ತುತ್ತು ಕಲಸುವಾಗ ಅವಳ ಬಾಯಲ್ಲಿ ಅಭ್ಯಾಸದಿಂದ ಬರುತ್ತದೆ, ಮಗು ಕೇಳಿ ಹೇಳುತ್ತದೆ. ‘ದೇವರ ಹೆಸರಿನಲ್ಲಿ’ ಎಂಬುದು ಆ ಪದದ ಅರ್ಥ. ಆದರೂ ಮಗುವಿನ ಕಿವಿಗೆ ಏನು ಬೀಳಬೇಕೆಂದು ಹೇಳುವ ಹಕ್ಕು ನಿಮ್ಮದೇ. ಸಂಚಾಲಕರಿಗೆ ದೂರು ಬರೆಯಬೇಡಿ, ಅವಳ ಕೆಲಸ ಹೋದೀತು. ಮಗುವನ್ನು ಕರೆದುಕೊಂಡು ಬರಲು ಹೋದಾಗ ಅವಳೊಬ್ಬಳಿಗೇ ಹೇಳಿ, ನಿಮ್ಮ ಮನೆಯಲ್ಲಿ ಉಣ್ಣುವ ಮೊದಲು ಏನು ಹೇಳುತ್ತೀರೋ ಅದನ್ನೂ ಅವಳಿಗೆ ಕಲಿಸಿ ಬನ್ನಿ. ನನ್ನ ಬಾಲವಾಡಿಯಲ್ಲಿ ಮಕ್ಕಳು ನನ್ನಿಂದ ‘ಆಮೆನ್’ ಕಲಿತಿದ್ದರು. ಒಬ್ಬ ತಾಯಿ ಸಂಕೋಚದಿಂದ ಬಂದು ನನಗೆ ಹೇಳಿದಳು. ಅವತ್ತಿನಿಂದ ನಾನು ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಮಕ್ಕಳಿಗೆ ಊಟದ ಮೊದಲು ‘ಎಲ್ಲರೂ ಬಂದಿರಾ?’ ಎಂದು ಕೇಳುತ್ತಿದ್ದೆ. ಅವು ಒಟ್ಟಾಗಿ ‘ಬಂದೆವು’ ಎನ್ನುತ್ತಿದ್ದವು, ಆಮೇಲೆ ತುತ್ತು.